ಶುಭ್ರವಾದ ಚಿತ್ರ, ಸತ್ಯವಾದ ಚಿತ್ರ

ಶಿಕಾರಿಪುರ ಸೀಮೆಯ ಅಂಜನಾಪುರದಲ್ಲಿ ಕುಮುದ್ವತಿಗೆ ಕಟ್ಟಿದ ಜಲಾಶಯವುಂಟು. ಅದರ ನಾಲೆಯ ನೀರು ಬಾಯಾರಿದ ಗದ್ದೆಗೆ ಹರಿಯಬೇಕಲ್ಲದೆ, ಕೊಯ್ಲಿಗೆ ಬಂದ ನೆರೆಯ ಗದ್ದೆಗೆ ನುಗ್ಗಬಾರದು. ಅರ್ಬುದ ರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಕೊಡುವ ವಿಕಿರಣ ಚಿಕಿತ್ಸೆಯ ನಿಯಮವೂ ಇದೇ. ಗಂತಿಯನ್ನು ನಾಶಮಾಡುವ ಕಿರಣವೇ ಪಕ್ಕದ ಆರೋಗ್ಯವಂತ ಅಂಗವನ್ನೂ ಘಾಸಿಗೊಳಿಸಬಲ್ಲದು. ಆದುದರಿಂದ ಗುರಿ ಎಲ್ಲಿದೆಯೆಂದು ಮೊದಲು ಕಾಣಬೇಕು.

ಅಡಕೆ ಬೆಳೆಯುವ ಸೀಮೆಯಲ್ಲಿ ಬಾಯಿಯ ಕ್ಯಾನ್ಸರನ್ನು ಉದಾಹರಣೆಗೆ ಎತ್ತಿಕೊಳ್ಳುವುದು ಅನುಚಿತವಾಗದು. ಅಡಕೆಯು ಕ್ಯಾನ್ಸರ್‌ಕಾರಕವೆಂಬ ನಿರ್ಣಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಇಂತಹ ರೋಗಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ಚಿಕಿತ್ಸೆ ನಡೆಯುತ್ತದೆ. ಅಷ್ಟರಲ್ಲಿ ಗಂತಿ ಕುಗ್ಗಬಹುದು, ಮೈ ಸೊರಗಬಹುದು. ಮೊದಲ ದಿನದ ನಕ್ಷೆ ಮೂವತ್ತನೆಯ ದಿನಕ್ಕೆ ಹೊಂದದೆ ಹೋಗಬಹುದು. ಅದಕ್ಕಾಗಿಯೇ ಚಿಕಿತ್ಸೆಯ ಯಂತ್ರಕ್ಕೆ ಜೋಡಿಸಿದ ಕ್ಷ-ಕಿರಣ ಸಾಧನದಿಂದ ಆಗಾಗ ಹೊಸ ಚಿತ್ರ ತೆಗೆಯುವರು. ಆದರೆ ದೇಹದೊಳಗೆ ಚೆದುರುವ ಕಿರಣಗಳಿಂದ ಆ ಚಿತ್ರ ಮಸುಕಾಗುತ್ತದೆ.

ಹಲವು ದಿಕ್ಕಿನ ಕ್ಷ-ಕಿರಣದ ನೆರಳುಗಳಿಂದ ಒಳಗಿನ ಆಕಾರವನ್ನು ಲೆಕ್ಕಹಾಕುವ ಸುಲಭ ವಿಧಾನವೊಂದನ್ನು 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದರು. ಅವರಿಬ್ಬರ ಹೆಸರಿನ ಗಣಿತದ ಶೋಧಕವು ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಚಿತ್ರಕ್ಕೆ ಆಧಾರ, ಆ ರೋಗಿಯ ದೇಹದಿಂದ ಅಳೆದ ನೆರಳುಗಳೇ.

ಈಗ ಬಂದಿರುವ ಡೀಪ್ ಲರ್ನಿಂಗ್, ಎಂದರೆ ಗಣಕಯಂತ್ರದ ಆಳವಾದ ಕಲಿಕೆ, ಬೇರೆ ಬಗೆಯದು. ಮಸುಕು ಚಿತ್ರಗಳನ್ನೂ ಶುಭ್ರ ಚಿತ್ರಗಳನ್ನೂ ಯಂತ್ರದ ಮುಂದೆ ರಾಶಿ ರಾಶಿಯಾಗಿ ಇಡುವರು. ತಪ್ಪು ಕಡಮೆಯಾಗುವವರೆಗೆ ಅದು ತನ್ನೊಳಗಿನ ಅಂಕೆಗಳನ್ನು ತಿದ್ದಿಕೊಳ್ಳುತ್ತದೆ. ಬಳಿಕ ಹೊಸ ಮಸುಕು ಚಿತ್ರವನ್ನು ಕೊಟ್ಟರೆ, ಶುಭ್ರವಾದುದು ಹೇಗಿದ್ದೀತೆಂದು ಕ್ಷಣಮಾತ್ರದಲ್ಲಿ ಊಹಿಸುತ್ತದೆ. ಅದರಿಂದ ಅಂದಂದಿನ ದೇಹಸ್ಥಿತಿಗೆ ತಕ್ಕಂತೆ ಕಿರಣದ ಪ್ರಮಾಣವನ್ನು ಮತ್ತೆ ಲೆಕ್ಕಹಾಕಬಹುದು. ಇದು ಸಣ್ಣ ಉಪಕಾರವಲ್ಲ.

ಆದರೆ ಊಹೆ ಊಹೆಯೇ. ಯಂತ್ರಕ್ಕೆ ಕಲಿಸಿದ ಚಿತ್ರಗಳು ಏಕಮುಖವಾಗಿದ್ದರೆ ಅದು ಇಲ್ಲದ ಗಂತಿಯನ್ನು ಬರೆಯಲೂಬಹುದು, ಇರುವ ಗಂತಿಯನ್ನು ಅಳಿಸಲೂಬಹುದು ಎಂಬುದನ್ನು ಸಂಶೋಧಕರು 2018ರಲ್ಲಿಯೇ ತೋರಿಸಿದರು. ಮಸುಕು ಚಿತ್ರವು ತನ್ನ ಕೊರತೆಯನ್ನು ತಾನೇ ಹೇಳುತ್ತದೆ. ಶುಭ್ರವಾದ ಸುಳ್ಳು ಹೇಳುವುದಿಲ್ಲ.

ಈ ಯಂತ್ರವನ್ನು ದೂರವಿಡಬೇಕೆಂದು ನಾವು ಹೇಳುವವರಲ್ಲ. ಬೇರೆ ದೇಶದ ರೋಗಿಗಳ ಚಿತ್ರಗಳಲ್ಲಿ ಗೆದ್ದುದನ್ನು ನಮ್ಮ ಆಸ್ಪತ್ರೆಗಳ ಯಂತ್ರಗಳಲ್ಲಿ, ನಮ್ಮ ರೋಗಿಗಳ ಚಿತ್ರಗಳಲ್ಲಿ ಮತ್ತೆ ಪರೀಕ್ಷಿಸದೆ ಒಪ್ಪಕೂಡದು ಎಂಬುದೇ ನಮ್ಮ ವಾದ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸಾರ್ವಜನಿಕ ಆಸ್ಪತ್ರೆಗಳ ಚಿತ್ರಗಳು, ರೋಗಿಯ ಒಪ್ಪಿಗೆ ಪಡೆದು, ಹೆಸರನ್ನು ಮರೆಮಾಡಿ, ಈ ಪರೀಕ್ಷೆಗೆ ಒದಗಬೇಕು. ತಿದ್ದಿದ ಚಿತ್ರದ ಪಕ್ಕದಲ್ಲಿ ಮೂಲ ಚಿತ್ರವೂ ಇರಬೇಕು. ಕೊನೆಯ ತೀರ್ಮಾನ ವೈದ್ಯರದೂ ವೈದ್ಯಕೀಯ ಭೌತವಿಜ್ಞಾನಿಯದೂ ಆಗಬೇಕು.

ಈ ಪರೀಕ್ಷೆಗೆ ಬೇಕಾದ ಗಣಿತ, ಭೌತವಿಜ್ಞಾನಗಳ ಮೊದಲ ಪಾಠಗಳು ನಮ್ಮ ಕಾಲೇಜುಗಳಲ್ಲಿಯೇ ಇವೆ. ಶಿಕಾರಿಪುರ, ಸೊರಬಗಳ ತರುಣ ತರುಣಿಯರು ಈ ಯಂತ್ರವನ್ನು ನಡೆಸಲು ಮಾತ್ರ ಕಲಿತರೆ ಸಾಲದು. ಅದನ್ನು ಪ್ರಶ್ನಿಸಲೂ ಕಲಿಯಬೇಕು. ಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿ ತಾನಾಗಿ ಆ ಪ್ರಶ್ನೆಯನ್ನು ಕೇಳಲಾರನು.