ಬರಿಗೈಯಲ್ಲಿ ರಕ್ತ ತೆಗೆದ ಡಾಕ್ಟರು

ಎಬೋಲಾ ಅಂದ ಕೂಡಲೇ ಬಹುತೇಕರ ಕಣ್ಣಮುಂದೆ ಬರೋದು ಸಿನಿಮಾ ದೃಶ್ಯ. ಕಣ್ಣು, ಮೂಗು, ಬಾಯಿ ಎಲ್ಲೆಲ್ಲೂ ರಕ್ತ. ಆದರೆ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಹಾಗೆ ಕಣ್ಣಿಗೆ ಕಾಣುವ ರಕ್ತಸ್ರಾವ ಆಗೋದೇ ಇಲ್ಲ. ಶುರುವಾಗೋದು ಜ್ವರ, ತಲೆನೋವು, ಮೈಕೈ ನೋವು, ಸುಸ್ತಿನಿಂದ. ಮಲೇರಿಯಾನೋ ಟೈಫಾಯ್ಡೋ ಇರಬೇಕು ಅಂದ್ಕೊಂಡು ಮಾತ್ರೆ ನುಂಗಿ ಮಲಗುವಂಥ ಲಕ್ಷಣಗಳು.

1976ರಲ್ಲಿ ಜೈರ್ ದೇಶದ (ಈಗಿನ ಕಾಂಗೊ) ಯಾಂಬುಕು ಎಂಬ ಹಳ್ಳಿಯಲ್ಲಿ ಆದದ್ದೂ ಇದೇ. ಅಲ್ಲೊಂದು ಮಿಷನ್ ಆಸ್ಪತ್ರೆ. ದಿನಕ್ಕೆ ಬೆರಳೆಣಿಕೆಯ ಸೂಜಿಗಳು, ಅವನ್ನೇ ತೊಳೆದು ಮತ್ತೆ ಮತ್ತೆ ಚುಚ್ಚುತ್ತಿದ್ದರು. ಜ್ವರಕ್ಕೆ ಕೊಟ್ಟ ಇಂಜೆಕ್ಷನ್ನೇ ರೋಗ ಹಂಚಿತು. 318 ಜನರಿಗೆ ಕಾಯಿಲೆ ಬಂತು, 280 ಜನ ಸತ್ತರು.

ಏನಾಗ್ತಿದೆ ಅಂತ ನೋಡಲು ರಾಜಧಾನಿಯಿಂದ ಬಂದವರು ಡಾ. ಝಾನ್ ಝಾಕ್ ಮುಯೆಂಬೆ. ಗ್ಲೌಸ್ ಇರಲಿಲ್ಲ. ಬರಿಗೈಯಲ್ಲೇ ರೋಗಿಗಳ ರಕ್ತ ತೆಗೆದರು. ಸೂಜಿ ಹೊರತೆಗೆದ ಮೇಲೂ ರಕ್ತ ನಿಲ್ಲದೆ ಅವರ ಬೆರಳುಗಳ ಮೇಲೆ ಹರಿಯಿತು. ಸೋಪು ಹಾಕಿ ಕೈ ತೊಳೆದುಕೊಂಡರು, ಅಷ್ಟೇ. ಅದೃಷ್ಟಕ್ಕೆ ಬದುಕಿಕೊಂಡರು. ಕಾಯಿಲೆಬಿದ್ದ ಒಬ್ಬ ನನ್ ಅವರನ್ನು ಕಿನ್ಶಾಸಾಗೆ ಕರೆದೊಯ್ದರು. ಆಕೆಯ ರಕ್ತ ಥರ್ಮಾಸ್ ಫ್ಲಾಸ್ಕ್‌ನಲ್ಲಿ ವಿಮಾನ ಹತ್ತಿ ಬೆಲ್ಜಿಯಂ ಸೇರಿತು. ಮೈಕ್ರೋಸ್ಕೋಪ್‌ನಲ್ಲಿ ಕಂಡದ್ದು ಬಳುಕುವ ದಾರದಂಥ ವೈರಸ್. ಊರಿಗೆ ಕಳಂಕ ಅಂಟಬಾರದು ಅಂತ ಆ ಸೀಮೆಯ ನದಿಯ ಹೆಸರಿಟ್ಟರು: ಎಬೋಲಾ.

ಈ ವೈರಸ್‌ಗೆ ಇರೋದು ಬರೀ ಏಳು ಜೀನ್. ನಮಗೆ ಸುಮಾರು 20 ಸಾವಿರ. ಹಾಗಿದ್ದೂ ನಮ್ಮನ್ನು ಹೇಗೆ ಮಲಗಿಸುತ್ತೆ?

ಅದು ಮೊದಲು ಹಿಡಿಯೋದೇ ದೇಹದ ಕಾವಲುಗಾರ ಕೋಶಗಳನ್ನು. ಕಳ್ಳ ನೇರವಾಗಿ ಪೊಲೀಸ್ ಸ್ಟೇಷನ್‌ಗೇ ನುಗ್ಗಿದ ಹಾಗೆ. ಸಾಮಾನ್ಯವಾಗಿ ವೈರಸ್ ಹೊಕ್ಕ ಕೋಶ ‘ಇಂಟರ್‌ಫೆರಾನ್’ ಎಂಬ ಅಲಾರಂ ಹೊಡೆಯುತ್ತೆ. ಎಬೋಲಾದ ಎರಡು ಪ್ರೋಟೀನ್‌ಗಳು ಆ ಅಲಾರಂನ ತಂತಿಯನ್ನೇ ಕತ್ತರಿಸುತ್ತವೆ. ಸದ್ದಿಲ್ಲದೆ ಲಕ್ಷ ಲಕ್ಷ ವೈರಸ್ ಹುಟ್ಟಿ, ಲಿವರ್ ಸೇರಿದಂತೆ ಎಲ್ಲ ಕಡೆ ಹರಡುತ್ತವೆ. ದೇಹ ತಡವಾಗಿ ಎಚ್ಚೆತ್ತು ಎಲ್ಲ ಅಸ್ತ್ರಗಳನ್ನೂ ಒಟ್ಟಿಗೆ ಬಿಡುತ್ತೆ. ರಕ್ತನಾಳಗಳು ಸೋರತೊಡಗುತ್ತವೆ, ರಕ್ತ ಹೆಪ್ಪುಗಟ್ಟುವ ಲೆಕ್ಕ ತಪ್ಪುತ್ತೆ. ಇದರ ಜೊತೆ ವಾಂತಿ ಭೇದಿಯಲ್ಲಿ ಲೀಟರ್‌ಗಟ್ಟಲೆ ನೀರು, ಉಪ್ಪು ಹೋಗುತ್ತೆ. ಬಿಪಿ ಕುಸಿದು ಕಿಡ್ನಿ, ಲಿವರ್ ಕೈಕೊಡುತ್ತವೆ. ಹಾಗಾಗಿಯೇ ಡ್ರಿಪ್ ಹಾಕಿ ನೀರು ಉಪ್ಪು ತುಂಬಿಸೋದೂ ಇಲ್ಲಿ ಜೀವ ಉಳಿಸುವ ಚಿಕಿತ್ಸೆ.

ಇನ್ನೊಂದು ಸಂಗತಿ ಗೊತ್ತಾಗಿದ್ದು 2011ರಲ್ಲಿ. ಕೋಶ ವೈರಸ್ಸನ್ನು ಆಹಾರದ ಹಾಗೆ ನುಂಗುತ್ತೆ. ಒಳಗೆ ಹೋದ ಮೇಲೆ ಕೋಶದ ಕಿಣ್ವಗಳೇ ವೈರಸ್‌ನ ಮೇಲಿನ ಟೋಪಿ ಕತ್ತರಿಸಿ, ಅಡಗಿದ್ದ ಕೀಲಿಕೈಯನ್ನು ಹೊರಗೆ ಕಾಣಿಸುತ್ತವೆ. ಆ ಕೀಲಿ ಕೂರುವ ಬೀಗ ಎನ್‌ಪಿಸಿ1 ಎಂಬ ಪ್ರೋಟೀನ್. ನಮ್ಮಲ್ಲಿ ಕೊಲೆಸ್ಟರಾಲ್ ಸಾಗಿಸೋದು ಅದರ ಕೆಲಸ. ನೀಮನ್-ಪಿಕ್ ಸಿ ಎಂಬ ಅಪರೂಪದ ಕಾಯಿಲೆ ಇರುವ ಬಹುತೇಕರಲ್ಲಿ ಈ ಪ್ರೋಟೀನ್ ಕೆಟ್ಟಿರುತ್ತೆ. ಅಂಥವರ ಕೋಶಗಳನ್ನು ಲ್ಯಾಬ್‌ನಲ್ಲಿಟ್ಟು ಎಬೋಲಾ ಬಿಟ್ಟರೆ, ಒಳಗೆ ಹೋದ ವೈರಸ್ ಅಲ್ಲೇ ಬಂದಿ. ಬೀಗ ಇಲ್ಲದಿದ್ದರೆ ಕೀಲಿಗೆ ಏನು ಕೆಲಸ?

ಹಾಗಾದರೆ ಆ ಕೀಲಿಯನ್ನೇ ಮುಚ್ಚಿಬಿಟ್ಟರೆ? ಇಲ್ಲಿ ಮತ್ತೆ ಮುಯೆಂಬೆ ಬರ್ತಾರೆ. 1995ರಲ್ಲಿ ಕಿಕ್ವಿಟ್ ಪಟ್ಟಣದಲ್ಲಿ ಎಬೋಲಾ ಎದ್ದಾಗ, ಗುಣವಾದವರ ರಕ್ತವನ್ನು ಎಂಟು ರೋಗಿಗಳಿಗೆ ಕೊಡಿಸಿದರು. ಏಳು ಜನ ಉಳಿದರು. ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲವಾದ್ದರಿಂದ ವಿಜ್ಞಾನ ಲೋಕ ಒಪ್ಪಲಿಲ್ಲ. ಆ ಆಕ್ಷೇಪ ತಪ್ಪೂ ಅಲ್ಲ. ಆದರೆ ಅವರು ಎಳೆ ಬಿಡಲಿಲ್ಲ. ಕಿಕ್ವಿಟ್‌ನಲ್ಲಿ ಬದುಕುಳಿದ ಒಬ್ಬರ ರಕ್ತವನ್ನು 11 ವರ್ಷಗಳ ನಂತರ ಪರೀಕ್ಷಿಸಿದಾಗ ಪ್ರತಿಕಾಯಗಳು ಇನ್ನೂ ಇದ್ದವು. ಅದರಿಂದ ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ ತಯಾರಾದ ಔಷಧಿ ಎಂಎಬಿ114. ಅದು ಮಾಡೋದು ಅದೇ ಕೆಲಸ: ವೈರಸ್‌ನ ಕೀಲಿಗೆ ಅಂಟಿಕೊಂಡು ಬೀಗಕ್ಕೆ ಕೂರದ ಹಾಗೆ ತಡೆಯೋದು.

2018-19ರಲ್ಲಿ ಕಾಂಗೊದಲ್ಲೇ, ಬಂಡುಕೋರರ ಹಾವಳಿಯ ನಡುವೆ, ನಾಲ್ಕು ಔಷಧಿಗಳ ಪರೀಕ್ಷೆ ಸರಿಯಾದ ಹೋಲಿಕೆಯೊಂದಿಗೆ ನಡೆಯಿತು. ಹಳೆಯ ಒಂದು ಔಷಧಿ ಪಡೆದವರಲ್ಲಿ ಅರ್ಧದಷ್ಟು ಜನ ಸತ್ತರೆ, ಎಂಎಬಿ114 ಮತ್ತು ಇನ್ನೊಂದು ಪ್ರತಿಕಾಯ ಔಷಧಿ ಪಡೆದವರಲ್ಲಿ ಸತ್ತವರು ಮೂರನೇ ಒಂದು ಭಾಗದಷ್ಟು. ರಕ್ತದಲ್ಲಿ ವೈರಸ್ ಕಡಿಮೆ ಇದ್ದಾಗಲೇ ಬಂದು ಇವನ್ನು ಪಡೆದವರಲ್ಲಿ ನೂರಕ್ಕೆ ಸುಮಾರು ಹತ್ತು ಜನ ಮಾತ್ರ.

ಈ ಸಂಖ್ಯೆ ಯಾಕೆ ಮುಖ್ಯ ಗೊತ್ತಾ? 2014-16ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ 11 ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಚಿಕಿತ್ಸಾ ಕೇಂದ್ರಕ್ಕೆ ಹೋದವರು ಹೆಣವಾಗೇ ಬರೋದು ಅಂತ ಹೆದರಿ ಎಷ್ಟೋ ಮನೆಯವರು ರೋಗಿಗಳನ್ನು ಬಚ್ಚಿಟ್ಟರು. ಮನೆಯಲ್ಲಿ ಆರೈಕೆ ಮಾಡಿದ ತಾಯಂದಿರು, ಹೆಣ ತೊಳೆದ ಬಂಧುಗಳು ಹೀಗೇ ಸೋಂಕು ಹತ್ತಿಸಿಕೊಂಡರು. ಬೇಗ ಹೋದರೆ ಬದುಕಬಹುದು ಅನ್ನೋ ನಂಬಿಕೆ ಇದ್ದರೆ ತಾನೇ ಜನ ಬಾಗಿಲು ತೆರೆಯೋದು?

ಕೆಲಸ ಇನ್ನೂ ಮುಗಿದಿಲ್ಲ. ಈ ಎರಡು ಔಷಧಿಗಳಿಗೂ, 2019ರಲ್ಲಿ ಒಪ್ಪಿಗೆ ಪಡೆದ ಲಸಿಕೆಗೂ ಬಗ್ಗೋದು ಎಬೋಲಾದ ಜೈರ್ ತಳಿ ಮಾತ್ರ. 2022ರಲ್ಲಿ ಉಗಾಂಡದಲ್ಲಿ ಸುಡಾನ್ ತಳಿ ಬಂದಾಗ ಡಾಕ್ಟರುಗಳ ಕೈಯಲ್ಲಿ ಒಪ್ಪಿಗೆ ಪಡೆದ ಲಸಿಕೆಯೇ ಇರಲಿಲ್ಲ.

ಇದೆಲ್ಲ ದೂರದ ಕಥೆ ಅನ್ನಿಸ್ತಿದೆಯಾ? 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯೂ ರಕ್ತಸ್ರಾವದ ಜ್ವರಗಳ ಗುಂಪಿನದ್ದೇ. ವೈರಸ್ ಬೇರೆ, ಹರಡೋದು ಉಣ್ಣೆಯಿಂದ. ಅದರ ವೈರಸ್ಸನ್ನೇ ಗುರಿಯಾಗಿಸಿದ ಔಷಧಿ ಇವತ್ತಿಗೂ ಇಲ್ಲ. ಬೇಸಿಗೆ ಬಂತೆಂದರೆ ಮಲೆನಾಡಿನಲ್ಲಿ ದರಗು ತರಲು ಕಾಡಿಗೆ ಹೋಗುವವರಿಗೆ ಭಯ ತಪ್ಪಿಲ್ಲ. ಕಿಕ್ವಿಟ್‌ನ ಉತ್ತರ ಸಿಕ್ಕಿದ್ದು ಅಲ್ಲೇ ಬದುಕುಳಿದವರ ರಕ್ತದಲ್ಲಿ, ನಲವತ್ತು ವರ್ಷ ಬೆನ್ನುಬಿಡದ ಒಬ್ಬ ಡಾಕ್ಟರಿಂದ. ಮಲೆನಾಡಿನ ಪ್ರಶ್ನೆಗೂ ಅಂಥದೇ ಹಟ ಬೇಕು.