ನಿಧಾನವೆಂಬ ಅಪರಾಧ

ಈಚೆಗೆ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಗಿರೀಶ ಕಾಸರವಳ್ಳಿಯವರ ಚಿತ್ರಗಳ ಮಾತು ಬಂದಿತು. ಇತಿಹಾಸ ಬೋಧಿಸುವ ಮಿತ್ರರೊಬ್ಬರು, ಬಹಳ ಓದಿಕೊಂಡವರು, ಕಾಫಿಯ ಲೋಟ ಕೆಳಗಿಟ್ಟು, “ಬಿಡಿ ಮೇಷ್ಟ್ರೇ, ಅವೆಲ್ಲ ಅವಾರ್ಡ್ ಪಿಕ್ಚರುಗಳು. ಹೆಂಗಸೊಬ್ಬಳು ಬಾಗಿಲಲ್ಲಿ ಕೂತರೆ ಇಂಟರ್‌ವಲ್ ಆದರೂ ಏಳುವುದಿಲ್ಲ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಚಮತ್ಕಾರವಾಗಿತ್ತು. ಆಮೇಲೆ, ಅವರ ಯಾವ ಚಿತ್ರ ನೋಡಿದ್ದೀರಿ ಎಂದು ಕೇಳಿದೆ. ಒಂದನ್ನೂ ಪೂರ್ತಿ ನೋಡಿರಲಿಲ್ಲ. ಸಂಜೆ ಮನೆಗೆ ನಡೆಯುವಾಗ, ನಕ್ಕುದಕ್ಕಾಗಿ ನಾಚಿಕೆಯಾಯಿತು. ಆಗಲೇ ಕೊಡಬೇಕಾಗಿದ್ದ ಉತ್ತರವನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ.

ಈ ಚಿತ್ರಗಳ ಮೇಲೆ ವಿದ್ಯಾವಂತರಾದ ನಾವು ಹೊರಿಸುವ ಆರೋಪಗಳು ಮೂರು. ಅವು ನಿಧಾನ, ಎಂಬುದು ಒಂದು. ಹೇಳಿದ್ದನ್ನೇ ಹೇಳುತ್ತವೆ, ಎಂಬುದು ಎರಡನೆಯದು. ಮೂಲಕಥೆಗೆ ನಿಷ್ಠವಲ್ಲ, ಎಂಬುದು ಮೂರನೆಯದು; ಇದು ಕನ್ನಡ ವಿಭಾಗದವರಾದ ನಮ್ಮದೇ ವಿಶೇಷ ಕೊಡುಗೆ.

ನಿಧಾನದ ಮಾತನ್ನು ಮೊದಲು ನೋಡೋಣ. ‘ತಬರನ ಕಥೆ’ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ್ದು. 1986ನೆಯ ಸಾಲಿನ ಸ್ವರ್ಣಕಮಲ ಪಡೆದದ್ದು. ನಿವೃತ್ತನಾದ ಜವಾನ ತಬರನಿಗೆ ಪಿಂಚಣಿ ಬರಬೇಕು. ಹೆಂಡತಿಯ ಕಾಲು ಕೊಳೆಯುತ್ತಿದೆ. ದುಡ್ಡು ಬಂದರೆ ಚಿಕಿತ್ಸೆ. ಅವನು ಕಚೇರಿಗೆ ಹೋಗುತ್ತಾನೆ, ಹಿಂತಿರುಗುತ್ತಾನೆ, ಮತ್ತೆ ಹೋಗುತ್ತಾನೆ. ಬೇರೆಯ ಚಿತ್ರಗಳಲ್ಲಾದರೆ ಈ ಅಲೆದಾಟವೆಲ್ಲ ಒಂದು ಹಾಡಿನೊಳಗೆ ಮುಗಿದು, ಹಾಡು ನಿಲ್ಲುವ ಹೊತ್ತಿಗೆ ನಾಯಕ ಮೇಜು ಗುದ್ದುತ್ತಿರುತ್ತಾನೆ. ಆದರೆ ನಮ್ಮಲ್ಲಿ ಯಾರ ಪಿಂಚಣಿಯ ಕಾಗದ ಹಾಡಿನ ವೇಗದಲ್ಲಿ ಚಲಿಸಿದೆ? ಸರಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಳೆದ ಯಾರಿಗೂ ತಬರನ ಕಾಲಮಾನ ಅಪರಿಚಿತವಾಗಲಾರದು. ಚಾರುಹಾಸನ್ ಅವರ ಮುಖ ಬರಬರುತ್ತ ಒಡೆಯುವುದನ್ನು ಕಾಣಬೇಕಾದರೆ, ಅವನೊಡನೆ ನಾವೂ ಅಷ್ಟು ಹೊತ್ತು ಕಾಯಬೇಕು. ಕಾಯುವವನ ಕಥೆಯನ್ನು ಅವಸರದಲ್ಲಿ ಹೇಳುವುದು ಸುಳ್ಳು ಹೇಳಿದಂತೆ. ನಮಗೆ ಬೇಸರವಾಗುತ್ತದೆ ಎನ್ನುತ್ತೇವೆ. ಎರಡು ಗಂಟೆಯ ಬೇಸರವನ್ನು ನಾವು ಸಹಿಸಲಾರೆವು; ತಬರನು ಮಾತ್ರ ವರ್ಷಗಟ್ಟಲೆ ಸಹಿಸಬೇಕು!

ಈ ಚಿತ್ರದಲ್ಲಿ ಖಳನಾಯಕನಿಲ್ಲ. ಕಚೇರಿಯವರು ರಾಕ್ಷಸರಲ್ಲ, ಒಬ್ಬೊಬ್ಬನೂ ತನ್ನ ಮಟ್ಟಿಗೆ ಒಂದೊಂದು ನಿಯಮ ತೋರಿಸಿ ಕೈ ತೊಳೆದುಕೊಳ್ಳುತ್ತಾನೆ, ಅಷ್ಟೆ. ಅನಂತಮೂರ್ತಿಯವರ ಕಥೆಯಿಂದ ಬಂದ ‘ಘಟಶ್ರಾದ್ಧ’ದಲ್ಲಿಯೂ (1977) ಹಾಗೆಯೇ. ವಿಧವೆ ಯಮುನೆ ಗರ್ಭಿಣಿಯಾದಾಗ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಹೊರಗಟ್ಟುವವನು ಅವಳ ತಂದೆಯೇ, ವೇದಪಾಠ ಹೇಳುವ ಉಡುಪನೇ. ಅವನು ಮಾಡುವುದು ಶಾಸ್ತ್ರ ಹೇಳಿದ್ದನ್ನು. ಖಳನಿದ್ದರೆ ಅವನಿಗೆ ಶಾಪ ಹಾಕಿ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಇಲ್ಲದಿದ್ದರೆ ಶಾಪ ಯಾರಿಗೆ ಹಾಕಬೇಕು? ನಿಯಮ ಪಾಲಿಸುವ, ಕಡತ ಮುಂದೂಡುವ, ಊರು ಏನೆಂದೀತೋ ಎಂದು ಅಂಜುವ ಸಜ್ಜನರಿಗೆ, ಎಂದರೆ ನಮಗೇ. ನಮ್ಮ ಮಧ್ಯಮವರ್ಗಕ್ಕೆ ಈ ಚಿತ್ರಗಳು ರುಚಿಸದಿರುವುದಕ್ಕೆ ನಿಧಾನ ಬರಿಯ ನೆಪವೆಂಬ ಅನುಮಾನ ನನಗೆ ಹುಟ್ಟುವುದು ಇಲ್ಲಿಯೇ.

ಇನ್ನು, ಹೇಳಿದ್ದನ್ನೇ ಹೇಳುತ್ತಾರೆ ಎಂಬ ಆರೋಪ. ಹೌದು, ಹೇಳುತ್ತಾರೆ. ಒಂದು ವ್ಯವಸ್ಥೆಯ ಹೊಸ್ತಿಲಲ್ಲಿ ನಿಂತ ಒಂಟಿ ಜೀವ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಮುನೆಯ ಎದುರು ಅಗ್ರಹಾರ, ತಬರನ ಎದುರು ಕಚೇರಿ, ‘ದ್ವೀಪ’ದ ನಾಗಿಯ ಎದುರು ಅಣೆಕಟ್ಟಿನಿಂದ ಏರುವ ನೀರು, ‘ಹಸೀನಾ’ಳ ಎದುರು ಮಸೀದಿ. ಕಾರಂತರ ಕಾದಂಬರಿಗಳಲ್ಲಿ ನೆಲ ಮತ್ತು ದುಡಿಯುವ ಹೆಂಗಸು ಮರಳಿ ಮರಳಿ ಬಂದರೆ ಅದನ್ನು ಜೀವನದರ್ಶನವೆಂದು ತರಗತಿಯಲ್ಲಿ ವಿವರಿಸುತ್ತೇವೆ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತೇವೆ. ಅದನ್ನೇ ನಿರ್ದೇಶಕನೊಬ್ಬ ಮಾಡಿದರೆ ಪುನರಾವರ್ತನೆ! ಇದು ಯಾವ ನ್ಯಾಯ?

ಆ ಪುನರಾವರ್ತನೆಯನ್ನಾದರೂ ಸರಿಯಾಗಿ ನೋಡಿದ್ದೇವೆಯೇ? ‘ಘಟಶ್ರಾದ್ಧ’ದ ಕೊನೆಯಲ್ಲಿ ತಲೆ ಬೋಳಿಸಿಕೊಂಡ ಯಮುನೆ ಊರ ಹೊರಗೆ ಮರದ ಬುಡದಲ್ಲಿ ಕುಳಿತಿರುತ್ತಾಳೆ. ಅವಳಿಗೆ ಮಾತಿಲ್ಲ. ಅವಳನ್ನು ಪ್ರೀತಿಸಿದ ಬಾಲಕ ನಾಣಿ ನೋಡಬಲ್ಲ, ಉಳಿಸಲಾರ. ‘ದ್ವೀಪ’ದಲ್ಲಿ, ನಾ. ಡಿಸೋಜರ ಕಾದಂಬರಿಯಿಂದ ಬಂದ ನಾಗಿ ಸುಮ್ಮನೆ ಕೂರುವವಳಲ್ಲ. ಸುತ್ತ ನೀರು ಏರುವಾಗ ಮನೆಯನ್ನೂ ದನಕರುಗಳನ್ನೂ ಉಳಿಸಿಕೊಳ್ಳುವವಳು ಅವಳು. ಮಳೆ ಇಳಿದ ಮೇಲೆ ಗಂಡ ಗಣಪ ಅದೆಲ್ಲ ದೇವರ ಕೃಪೆಯೆಂದುಬಿಡುತ್ತಾನೆ. 2004ರ ‘ಹಸೀನಾ’ದಲ್ಲಿ ಗಂಡ ಬಿಟ್ಟುಹೋದವಳು ಮತ್ತೆ ಕುಳಿತಿದ್ದಾಳೆ. ಆದರೆ ಊರ ಹೊರಗಲ್ಲ. ನ್ಯಾಯ ಬೇಕೆಂದು ಮಸೀದಿಯ ಮುಂದೆಯೇ. ಯಮುನೆಯನ್ನು ಕೂರಿಸಿದ್ದರು, ಹಸೀನಾ ತಾನಾಗಿ ಬಂದು ಕುಳಿತಳು. ನಡುವೆ ಇಪ್ಪತ್ತೇಳು ವರ್ಷ. ಬಾಗಿಲಲ್ಲಿ ಕೂತ ಹೆಂಗಸೆಂದು ನಾವು ನಕ್ಕದ್ದು ಇದಕ್ಕೆ.

ಮೂರನೆಯ ಆರೋಪ ನನ್ನ ಸಹೋದ್ಯೋಗಿಗಳದು. ಒಂದು ಕಾಲದಲ್ಲಿ ನನ್ನದೂ ಆಗಿತ್ತು. ‘ಗುಲಾಬಿ ಟಾಕೀಸು’ (2008) ನೋಡಿ ಬಂದಾಗ ವೈದೇಹಿಯವರ ಕಥೆಗೆ ಅನ್ಯಾಯವಾಯಿತೆಂದು ಸಿಟ್ಟಾಗಿದ್ದೆ. ಕಥೆಯಲ್ಲಿ ಸಣ್ಣ ಊರಿಗೆ ಬರುವುದು ಸಿನಿಮಾ ಟಾಕೀಸು. ಅಲ್ಲಿಯ ಲಿಲ್ಲಿಬಾಯಿ ಚಿತ್ರದಲ್ಲಿ ಮುಸ್ಲಿಂ ಸೂಲಗಿತ್ತಿ ಗುಲಾಬಿಯಾಗಿದ್ದಾಳೆ, ಟಾಕೀಸಿನ ಬದಲು ಅವಳ ಮನೆಗೆ ಡಿಶ್ ಆಂಟೆನಾದೊಡನೆ ಟೆಲಿವಿಷನ್ ಬರುತ್ತದೆ. ಕಾಲ ಕಾರ್ಗಿಲ್ ಯುದ್ಧದ ಹೊತ್ತು. ಟಿ.ವಿ. ನೋಡಲು ಅವಳ ಮನೆಯಲ್ಲಿ ನೆರೆಯುವ ಊರೇ ಕಡೆಗೆ ಅವಳನ್ನು ಊರು ಬಿಡಿಸುತ್ತದೆ. ಎರಡನೆಯ ಸಲ ನೋಡಿದಾಗ ಸಿಟ್ಟು ಇಳಿಯಿತು. ಕಥೆಯ ಜೀವ ಟಾಕೀಸಿನ ಕಟ್ಟಡದಲ್ಲಿರಲಿಲ್ಲ. ಹೊಸದೊಂದು ಬೆಳಕು ಊರಿಗೆ ಬಂದಾಗ ಹೆಂಗಸರ ಒಳಗೆ ಏಳುವ ಅಲೆಗಳಲ್ಲಿತ್ತು. ಆ ಅಲೆ ತೊಂಬತ್ತರ ದಶಕದಲ್ಲಿ ಎಲ್ಲಿ ಅಪ್ಪಳಿಸುತ್ತಿತ್ತೆಂದು ನಿರ್ದೇಶಕರು ಕೇಳಿದರು. ಪಂಪನು ವ್ಯಾಸಭಾರತವನ್ನು ಬದಲಿಸಿದ್ದಕ್ಕೆ ಪ್ರತಿಭೆಯೆಂಬ ಹೆಸರಿಟ್ಟವರು ನಾವೇ ಅಲ್ಲವೇ?

ಹಾಗೆಂದು ಈ ಚಿತ್ರಗಳೆಲ್ಲ ನಿರ್ದೋಷವೆಂದು ನಾನು ವಾದಿಸುವುದಿಲ್ಲ. ‘ಗುಲಾಬಿ ಟಾಕೀಸಿ’ನಲ್ಲಿಯೇ ಜಾಗತೀಕರಣ, ಯುದ್ಧ, ಕೋಮುದ್ವೇಷ, ಮೀನುಗಾರರ ಜಗಳ ಎಲ್ಲವನ್ನೂ ಒಬ್ಬ ಸೂಲಗಿತ್ತಿಯ ತಲೆಯ ಮೇಲೆ ಹೊರಿಸಿದಾಗ ಅವಳ ನಡೆ ಕುಸಿಯುವುದುಂಟು. ಉಮಾಶ್ರೀಯವರ ಅಭಿನಯವಿಲ್ಲದಿದ್ದರೆ ಆ ಹೊರೆ ಎದ್ದು ಕಾಣುತ್ತಿತ್ತು. ಇಂಥ ತಕರಾರನ್ನು ಎತ್ತಲೇಬೇಕು. ಆದರೆ ಅದಕ್ಕೆ ಚಿತ್ರವನ್ನು ನೋಡಿರಬೇಕು. ‘ಅವಾರ್ಡ್ ಪಿಕ್ಚರು’ ಎಂಬ ಮಾತು ನೋಡುವ ಶ್ರಮವನ್ನೇ ತಪ್ಪಿಸಿಬಿಡುತ್ತದೆ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’: ಒಬ್ಬನೇ ನಿರ್ದೇಶಕನಿಗೆ ನಾಲ್ಕು ಸ್ವರ್ಣಕಮಲ ಬಂದುದನ್ನು ಸಾಮಾನ್ಯಜ್ಞಾನದ ಪ್ರಶ್ನೆಗೆ ಉತ್ತರವಾಗಿ ನಮ್ಮ ಹುಡುಗರು ಬಾಯಿಪಾಠ ಮಾಡಿದ್ದಾರೆ. ಆ ನಾಲ್ಕರಲ್ಲಿ ಒಂದನ್ನಾದರೂ ನೋಡಿದವರು ಕೈಯೆತ್ತಿ ಎಂದರೆ ತರಗತಿ ಮೌನ.

ನಮಗೆ ಹೊರಗಿನವರು ಹೇಳಬೇಕು. 2024ರಲ್ಲಿ ‘ಘಟಶ್ರಾದ್ಧ’ದ ಜೀರ್ಣೋದ್ಧಾರವಾದ ಪ್ರತಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದಾಗ ಹೆಮ್ಮೆಪಟ್ಟೆವು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರ ಪುಸ್ತಕಕ್ಕಾಗಿ ಅಂಗಡಿಗೆ ಓಡಿದೆವು. ‘ಹಸೀನಾ’ ಅವರದೇ ‘ಕರಿ ನಾಗರಗಳು’ ಕಥೆಯೆಂಬುದು ಎಷ್ಟು ಜನಕ್ಕೆ ನೆನಪಾಯಿತು? ಬೂಕರ್ ಬರುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಕಾಸರವಳ್ಳಿಯವರು ಆ ಕಥೆಯ ಬೆಲೆ ಕಂಡಿದ್ದರು. ಹಾಗಾದರೆ ನಿಧಾನವಾದವರು ಯಾರು?

ಹಳೆಯ ಕನ್ನಡದಲ್ಲಿ ನಿಧಾನವೆಂದರೆ ನಿಧಿಯೆಂದೂ ಅರ್ಥವಿದೆ. ವಚನ ಪಾಠ ಮಾಡುವಾಗ ಪ್ರತಿವರ್ಷ ಇದನ್ನು ವಿವರಿಸುತ್ತೇನೆ. ನಿಧಿಯಿರುವ ಜಾಗ ಗೊತ್ತಿದ್ದೂ ಅಗೆಯದವನು ಬಡವನಾಗಿಯೇ ಉಳಿಯುತ್ತಾನೆ. ಕನ್ನಡ ಅಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟೆ: ತೇಜಸ್ವಿಯವರ ‘ತಬರನ ಕಥೆ’ ಪಾಠವಾದ ವಾರ ಕಾಲೇಜಿನ ಸಭಾಂಗಣದಲ್ಲಿ ಚಿತ್ರವನ್ನೂ ತೋರಿಸಿರಿ. ಹುಡುಗರು ಆಕಳಿಸಲಿ, ಜಗಳವಾಡಲಿ, ಕಥೆಯೇ ಮೇಲೆಂದು ಬರೆಯಲಿ. ನಮ್ಮ ಕಾಲೇಜಿನಲ್ಲಿ ಬರುವ ಶನಿವಾರ ಮಧ್ಯಾಹ್ನ ಮೂರಕ್ಕೆ ಇಟ್ಟುಕೊಂಡಿದ್ದೇನೆ. ಇತಿಹಾಸದ ಮಿತ್ರರಿಗೂ ಹೇಳಿದ್ದೇನೆ. ಬರುತ್ತೇನೆಂದಿದ್ದಾರೆ, ಇಂಟರ್‌ವಲ್‌ನಲ್ಲಿ ಕಾಫಿ ಕೊಡಿಸಬೇಕಂತೆ.