ಎಣ್ಣಿ ಸುಂಕ ಬಿತ್ತೂಕಿಂತ ಮೊದಲ ಹೇಳ್ರಿ

ನಮ್ಮ ಅಡಗಿ ಮನಿಗೆ ಭಾಳ ದೂರದಿಂದ ಬರೂ ಸಾಮಾನು ಯಾವುದು ಅಂತ ಕೇಳಿದ್ರ, ಮಂದಿ ಕೇಶರ, ಲವಂಗ ಅಂತಾರ. ಅವು ವರ್ಷಕ್ಕ ನಾಲ್ಕು ಸಲ ಡಬ್ಬಿಯಿಂದ ಹೊರಗ ಬರೂವು. ದಿನಾ ದೂರದಿಂದ ಬರೂದು ಒಗ್ಗರಣಿ ಎಣ್ಣಿ ನೋಡ್ರಿ. ಪಾಮ್ ಎಣ್ಣಿ ಇಂಡೋನೇಷ್ಯಾ, ಮಲೇಷ್ಯಾದಿಂದ ಬರ್ತದ. ಸೋಯಾ ಎಣ್ಣಿ ಅರ್ಜೆಂಟಿನಾ, ಬ್ರೆಜಿಲ್ ಕಡಿಂದ, ಸೂರ್ಯಕಾಂತಿ ಎಣ್ಣಿ ರಷ್ಯಾ, ಉಕ್ರೇನ್ ಕಡಿಂದ. ದೇಶಕ್ಕ ಬೇಕಾದ ಅಡಗಿ ಎಣ್ಣಿಯೊಳಗ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರೂದ ಅದ. ಈಗ ವರ್ಷಕ್ಕ ಸುಮಾರು 160 ಲಕ್ಷ ಟನ್, ರೊಕ್ಕದಾಗ ಲಕ್ಷ ಕೋಟಿ ರೂಪಾಯಿ ಮ್ಯಾಲೆ.

ಮೊದಲಿಂದ ಹಿಂಗ ಇರಲಿಲ್ಲ. 1986ರಾಗ ಸರ್ಕಾರ ಎಣ್ಣಿಕಾಳಿನ ತಂತ್ರಜ್ಞಾನ ಮಿಷನ್ ಅಂತ ಶುರು ಮಾಡ್ತು. ಬೀಜ ಕೊಟ್ರು, ಖರೀದಿ ಮಾಡಿದ್ರು, ಹೊರಗಿನ ಎಣ್ಣಿಗೆ ತಡಿ ಹಾಕಿದ್ರು. 90ರ ದಶಕದ ಮೊದಲನೇ ವರ್ಷಗಳೊಳಗ ನಮ್ಮ ಎಣ್ಣಿ ಹೆಚ್ಚುಕಡಿಮಿ ನಮಗ ಸಾಕಾಗೂ ಹಂಗ ಆಗಿತ್ತು. 1994ರಾಗ ಪಾಮ್ ಎಣ್ಣಿ ಆಮದಿಗೆ ಬಾಗಲಾ ತಗದ್ರು. ಮೊದಲ ಸುಂಕ 65% ಇತ್ತು, ಆಮ್ಯಾಲೆ ಇಳಕೋತ ಬಂತು. ಸೋವಿ ಎಣ್ಣಿ ಬಂದ್ರ ಯಾರು ಬ್ಯಾಡಂತಾರ? ನಮ್ಮ ಕಡೆ ಶೇಂಗಾ, ಕುಸಬಿ ಹೊಲ ಕಡಿಮಿ ಆದ್ವು. ಎಲ್ಲಾ ತಪ್ಪು ಆಮದಿನ ಮ್ಯಾಲೆ ಹಾಕಾಂಗಿಲ್ಲ. ಮಳಿ ಕೈ ಕೊಡ್ತು, ಕುಸಬಿ ಮುಳ್ಳಿಗೆ ಆಳು ಸಿಗವಲ್ರು, ಗೋವಿನಜೋಳ, ಹತ್ತಿಯೊಳಗ ನಾಲ್ಕು ರೊಕ್ಕ ಹೆಚ್ಚು ಸಿಕ್ತು. ಆದ್ರ ಎಣ್ಣಿಕಾಳಿಗೆ ನೆಟ್ಟಗ ರೇಟು ಸಿಗೂದಿಲ್ಲಂತ ಗೊತ್ತಾದ ಮ್ಯಾಲೆ ರೈತ ಯಾಕ ಬಿತ್ಯಾನು?

ಸೋವಿ ಅಂತ ತಗೊಂಡದ್ದು ಯಾವಾಗ ತುಟ್ಟಿ ಆಗ್ತದ ಅನ್ನೂದು 2022ರಾಗ ಎಲ್ಲಾರ ಮನಿಗೂ ಗೊತ್ತಾತು. ಫೆಬ್ರುವರಿಯೊಳಗ ಉಕ್ರೇನ್ ಯುದ್ಧ ಶುರು ಆಗಿ ಅಲ್ಲಿನ ಬಂದರು ಬಂದ್ ಆದ್ವು, ಸೂರ್ಯಕಾಂತಿ ಎಣ್ಣಿ ನಿಂತ್ತು. ಏಪ್ರಿಲ್ 28ಕ್ಕ ಇಂಡೋನೇಷ್ಯಾ ಪಾಮ್ ಎಣ್ಣಿ ಹೊರಗ ಕಳಸೂದನ್ನ ನಿಲ್ಲಿಸ್ತು. ಅವರಿಗೂ ಬೈಯೂ ಹಂಗಿಲ್ಲ. ಜಗತ್ತಿಗೆಲ್ಲಾ ಪಾಮ್ ಎಣ್ಣಿ ಕಳಸೂ ದೇಶದಾಗನ ಹೆಣ್ಮಕ್ಕಳು ಎಣ್ಣಿ ಸಲುವಾಗಿ ಪಾಳಿ ಹಚ್ಚಿ ನಿಂತಿದ್ರು. ತಮ್ಮ ಮಂದಿಗೆ ಮೊದಲ ಅಂದ್ರು. ಮೂರೂವರಿ ವಾರದ ಮ್ಯಾಲೆ, ಮೇ 23ಕ್ಕ ಆ ನಿರ್ಬಂಧ ತಗದ್ರು. ಆದ್ರ ಅಷ್ಟರೊಳಗ ನಮ್ಮ ಭಜಿ ಬಂಡಿಯವರಿಂದ ಹಿಡದು ಮದವಿ ಅಡಗಿಯವರ ತನಕಾ ಎಲ್ಲಾರ ಲೆಕ್ಕಾ ತಪ್ಪಿತ್ತು.

ಅದರ ಮ್ಯಾಲೆ ಇನ್ನೊಂದು ಅದ. ಈ ಎಣ್ಣಿಗೆಲ್ಲಾ ಡಾಲರ್‌ನ್ಯಾಗ ರೊಕ್ಕ ಕೊಡಬೇಕು. 2014ರಾಗ ಒಂದು ಡಾಲರಿಗೆ 60 ರೂಪಾಯಿ ಆಸುಪಾಸು ಇತ್ತು, 2024ಕ್ಕ 83 ದಾಟಿತ್ತು. ಅಂದ್ರ ಮಲೇಷ್ಯಾದಾಗ ರೇಟು ಒಂದು ಪೈಸಾ ಏರದಿದ್ರೂ ನಮ್ಮ ಪಾಕೀಟು ತುಟ್ಟಿ ಆಗ್ತದ.

ಇಷ್ಟು ನಮ್ಮ ಕೈಯಾಗ ಇಲ್ಲ, ಖರೆ. ಸುಂಕ ಮಾತ್ರ ನಮ್ಮ ಸರ್ಕಾರದ ಕೈಯಾಗನ ಅದ. ನನ್ನ ತಕರಾರು ಇರೂದು ಇಲ್ಲೆ. 2024ರ ಸೆಪ್ಟೆಂಬರ್ 14ಕ್ಕ ಕಚ್ಚಾ ಎಣ್ಣಿ ಮ್ಯಾಲಿನ ಒಟ್ಟು ಸುಂಕ 5.5%ದಿಂದ 27.5%ಕ್ಕ ಏರಿಸಿದ್ರು. ರೈತ್ರ ಸಲುವಾಗಿ ಅಂದ್ರು. ಆದ್ರ ಸೋಯಾ ಬಿತ್ತೂದು ಜೂನ್‌ನ್ಯಾಗ! ಸೆಪ್ಟೆಂಬರದಾಗ ಬೆಳಿ ಕೊಯ್ಲಿಗೆ ಬಂದಿತ್ತು. ಆವಾಗ ಸುಂಕ ನೋಡಿ ಒಂದು ಎಕರೆ ಹೆಚ್ಚು ಬಿತ್ತೂದು ಯಾರಿಗೂ ಆಗೂ ಹಂಗಿರಲಿಲ್ಲ. ರೇಟರೆ ಸಿಕ್ತೇನು? ಸೋಯಾ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಇದ್ರ, ಪ್ಯಾಟ್ಯಾಗ ಅದಕ್ಕಿಂತ ಕಡಿಮಿಗೆ ಮಾರಿದ್ರು. ಯಾಕಂದ್ರ ಸೋಯಾ ಕಾಳಿನ್ಯಾಗ ಎಣ್ಣಿ ಐದರಾಗ ಒಂದು ಪಾಲು ಅಷ್ಟ, ಉಳದದ್ದು ಹಿಂಡಿ. ಆ ಹಿಂಡಿ ರೇಟು ಬಿದ್ದಿತ್ತು. ಇತ್ತ ದಸರಾ, ದೀಪಾವಳಿ ಬಾಗಲಕ್ಕ ಬಂದು ನಿಂತಾಗ ನಮ್ಮ ಬಾಣಲಿ ಎಣ್ಣಿ ಏರ್ತು.

ಮುಂದ 2025ರ ಮೇ 30ಕ್ಕ ಅದ ಸುಂಕ 16.5%ಕ್ಕ ಇಳಿಸಿದ್ರು. ಮೇ 30 ಅಂದ್ರ ಏನ್ರಿ? ರೈತ ಬೀಜದ ಚೀಲಾ ಬಿಚ್ಚೂ ಹೊತ್ತು. ಬಿತ್ತೂ ಮುಂದ ಅವಗ ಹೇಳಿದ್ದು, ಹೊರಗಿನ ಎಣ್ಣಿ ಮತ್ತ ಸೋವಿ ಆಗ್ತದ ಅಂತ. ಹಿಂಗ ವರ್ಷದಾಗ ಎರಡು ಸಲ ಆಕಡೆ ಈಕಡೆ ಮಾಡಿದ್ರ ಹೊಲದಾಂವಗೂ ಲೆಕ್ಕಾ ಹತ್ತೂದಿಲ್ಲ, ಅಡಗಿ ಮನಿಯಾಕಿಗೂ ಹತ್ತೂದಿಲ್ಲ. ಲೆಕ್ಕಾ ಹತ್ತೂದು ಎಣ್ಣಿ ತುಂಬಿಟ್ಟುಕೊಂಡು ಕೂಡೂ ದೊಡ್ಡ ವ್ಯಾಪಾರಿಗೆ ಮಾತ್ರ.

ವಿಶ್ವ ವ್ಯಾಪಾರ ಸಂಸ್ಥೆ ನಮ್ಮ ಕೈ ಕಟ್ಟ್ಯದ ಅಂತ ಕೆಲವರು ಅಂತಾರ. ಸೋಯಾ ಎಣ್ಣಿಗೆ 45%, ಪಾಮ್ ಎಣ್ಣಿಗೆ 300% ತನಕಾ ಸುಂಕ ಹಾಕೂದಕ್ಕ ಅಲ್ಲಿ ನಮಗ ಅವಕಾಶ ಅದ. ಅಷ್ಟು ಹಾಕ್ರಿ ಅಂತ ನಾ ಅನ್ನೂದಿಲ್ಲ. ಎಷ್ಟರೆ ಹಾಕ್ರಿ, ಏಪ್ರಿಲ್‌ನ್ಯಾಗ ಹೇಳ್ರಿ, ಹೇಳಿದ್ದನ್ನ ಮೂರು ವರ್ಷ ಅಲುಗಾಡಿಸಬ್ಯಾಡ್ರಿ.

ಹಂಗಂದ್ರ ಎಣ್ಣಿ ತುಟ್ಟಿ ಆಗ್ತದಲ್ಲಾ? ಆಗ್ತದ. ತಿಂಗಳಿಗೆ ಐದು ಲೀಟರ್ ಹೋಗೂ ಮನಿಗೆ, ಲೀಟರಿಗೆ 15 ರೂಪಾಯಿ ಏರಿದ್ರ ತಿಂಗಳಿಗೆ 75 ರೂಪಾಯಿ. ಪಗಾರ ಬರೂ ಮನಿಗೆ ಇದು ಒಂದು ಸಲದ ಕರದ ತಿಂಡಿ ಬಿಟ್ಟಷ್ಟು. ಕೂಲಿ ಮ್ಯಾಲೆ ಇರೂ ಮನಿಗೆ ಮಾತ್ರ ಅದು ಒಂದು ಹೊತ್ತಿನ ಊಟಾ. ಅದಕ್ಕ ಸುಂಕದಿಂದ ಬಂದ ರೊಕ್ಕದಾಗ ಒಂದು ಪಾಲು ತಗದು, ಅವರಿಗೆ ರೇಷನ್ ಅಂಗಡಿಯೊಳಗ ಕಡಿಮಿ ರೇಟಿಗೆ ಎಣ್ಣಿ ಕೊಡ್ರಿ. ಬಡವರ ಹೆಸರಿನ್ಯಾಗ ಎಲ್ಲಾರಿಗೂ ಸೋವಿ ಮಾಡಿ, ಅದರ ಬಿಲ್ಲು ರೈತನ ಕೈಯಾಗ ಕೊಡೂದು ಬ್ಯಾಡ.

ಇನ್ನ ಮ್ಯಾಲೆ ಟಿವಿಯೊಳಗ 'ಎಣ್ಣಿ ಬೆಲಿ ಇಳಿಕಿ, ಗೃಹಿಣಿಯರಿಗೆ ಸಿಹಿ ಸುದ್ದಿ' ಅಂತ ಬಂದ್ರ, ಅಕ್ಕಾರ, ಮೊದಲ ಕ್ಯಾಲೆಂಡರ್ ನೋಡ್ರಿ. ಬಿತ್ತಗಿ ಮುಂದ ಇದ್ದಾಗ ಬಂದಿದ್ರ, ಆ ಸಿಹಿ ಸುದ್ದಿಗೆ ರೊಕ್ಕ ಕೊಡಾವರು ಯಾರು ಅಂತ ಮನ್ಯಾಗ ಒಂದು ಮಾತು ಕೇಳ್ರಿ. ನಮ್ಮ ಹೆಸರು ಹೇಳಿ ಮಾಡ್ತಾರಂದ ಮ್ಯಾಲೆ, ಕೇಳೂ ಹಕ್ಕೂ ನಮಗ ಅದ.